ಎಟೋಬಿಕೋಕ್‌ನಲ್ಲಿ ಸಿಕ್ಕ ಹುರಿಹಿಟ್ಟು

ಮಾರ್ಚ್ ತಿಂಗಳ ಒಂದು ಶನಿವಾರ ನಾನೂ ಸೋದರತ್ತೆಯೂ ಅರೋರಾದ ನಮ್ಮ ಮನೆಯಿಂದ ಎಟೋಬಿಕೋಕ್‌ಗೆ ಕಾರಿನಲ್ಲಿ ಹೊರಟೆವು. ಸುಮಾರು ಐವತ್ತು ಕಿಲೋಮೀಟರ್ ದಾರಿ. ಹಿಮ ಕರಗಿ ರಸ್ತೆಯೆಲ್ಲ ರಾಡಿ, ಕಾರಿನ ಗಾಜಿಗೆಲ್ಲ ಉಪ್ಪಿನ ಕೆಸರು. ಹೊರಟದ್ದು ಹಿಟ್ಟು ತರಲು.

ಬೇಸಿಗೆ ಮುಗಿಯುವವರೆಗೆ ಇರಲೆಂದು ಮೈಸೂರಿನಿಂದ ಬಂದ ಅತ್ತೆ, ನಮ್ಮ ಒಲೆಯ ಮೇಲೆ ಆಮ್ಲೆಟ್ ಕಂಡ ದಿನದಿಂದ ಹಣ್ಣು, ಮೊಸರು, ತಾವು ತಂದ ರಾಗಿ ಹುರಿಹಿಟ್ಟಿನಲ್ಲೇ ದಿನ ದೂಡುತ್ತಿದ್ದರು. ನೀರಿನಲ್ಲಿ ಬೇಯಿಸಿದ್ದು ಮುಸುರೆ, ನೀರು ತಾಕಿಸದೆ ಹುರಿದದ್ದಕ್ಕೆ ಆ ದೋಷವಿಲ್ಲ ಎಂಬುದು ಅವರ ಮಡಿ. ಹೊಸ ಬಾಣಲೆ ತಂದು ಹುರಿದುಕೊಡುತ್ತೇನೆ ಎಂದರೆ, "ಒಲೆ ಅದೇ ಅಲ್ವೇನೋ" ಅಂದರು. ಈಗ ಹಿಟ್ಟು ಮುಗಿದಿತ್ತು; ಬೇಗ ಟಿಕೆಟ್ ಮಾಡಿಸು ಎನ್ನುತ್ತಿದ್ದರು. ನನ್ನನ್ನು ಸಾಕಿದವರು ಅರೆಹೊಟ್ಟೆಯಲ್ಲಿ ವಾಪಸು ಹೋಗುತ್ತಾರೆಂದರೆ ನನಗೂ ಅನ್ನ ಸೇರುತ್ತಿರಲಿಲ್ಲ. ಮೆಕ್ಸಿಕೋದವರೂ ಮುಸುಕಿನ ಜೋಳ ಹುರಿದು ಬೀಸುತ್ತಾರೆ, ಅದಕ್ಕೆ ಪಿನೋಲೆ ಎನ್ನುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದೇ ಈ ಪ್ರಯಾಣಕ್ಕೆ ಕಾರಣ.

ಮೆಕ್ಸಿಕೋದವರ ಅಂಗಡಿ ಒಂದು ಟಯರ್ ಶಾಪಿನ ಪಕ್ಕದಲ್ಲಿತ್ತು. ಒಳಗೆ ಜೋಳದ ಹಿಟ್ಟುಗಳದೇ ಒಂದು ಸಾಲು. ಯಾವುದು ಯಾವುದೆಂದು ನನಗೆ ತಲೆಬುಡ ತಿಳಿಯಲಿಲ್ಲ. ಮೊದಲು ಕೈಗೆತ್ತಿಕೊಂಡದ್ದು ರೊಟ್ಟಿಯ ಹಿಟ್ಟು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ್ದು ಎಂದಳು ಅಂಗಡಿಯಾಕೆ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಕಂದು ಬಣ್ಣದ ಪೊಟ್ಟಣ ಪಿನೋಲೆಯದು.

"ಹುರಿಯೋಕ್ ಮುಂಚೆ ನೀರು ತಾಕಿಸಿದ್ರಾ, ಕೇಳೋ," ಅಂದರು ಅತ್ತೆ.

ಕೇಳಿದೆ. ಆಕೆ ನಮ್ಮಿಬ್ಬರನ್ನೂ ನೋಡಿ, "ಇವರಿಗೆ ನೀರಿನ ಅಲರ್ಜಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದೆನ್ನಲೋ ಅಲ್ಲವೆನ್ನಲೋ ತೋಚದೆ ನಕ್ಕೆ. ಒಣ ಕಾಳನ್ನೇ ಹುರಿದು, ಬೀಸಿ, ಚಕ್ಕೆಪುಡಿ, ಸಕ್ಕರೆ ಬೆರೆಸುತ್ತಾರಂತೆ. ನೀರಲ್ಲಿ ಕಲಸಿ ಕುಡಿಯಬಹುದು, ಹಾಲಲ್ಲಿ ಗಂಜಿ ಮಾಡಬಹುದು. ದೂರ ನಡೆಯುವವರು ಬುತ್ತಿ ಕಟ್ಟಿಕೊಳ್ಳುತ್ತಾರೆ.

ಅಷ್ಟಕ್ಕೆ ಸುಮ್ಮನಿರಬಾರದೆ ನಾನು? "ಅವರ ಒಲೆ ಮೇಲೆ ಏನೇನ್ ಬೇಯ್ಸಿರ್ತಾರೋ ಅತ್ತೆ," ಅಂದುಬಿಟ್ಟೆ.

"ಅವರ ಒಲೆ ನಾನು ನೋಡಿಲ್ವಲ್ಲ. ನಿಂದು ನೋಡ್ಬಿಟ್ಟೆ."

ಈ ನ್ಯಾಯ ನನಗೆ ಇಂದಿಗೂ ಅರ್ಥವಾಗಿಲ್ಲ. ಅಷ್ಟರಲ್ಲಿ ಅವರು ನನ್ನ ಕೈಯ ಚಿಕ್ಕ ಪೊಟ್ಟಣ ಕಿತ್ತು ಹಿಂದಿಟ್ಟು, ಎಲ್ಲಕ್ಕಿಂತ ದೊಡ್ಡದನ್ನು ತೆಗೆದುಕೊಂಡರು. ಊರಿಗೆ ಒಯ್ಯುವುದಕ್ಕೋ ಏನೋ ಎಂದು ನಾನು ಹೆದರಿದೆ.

ಕಾರಿನಲ್ಲಿ ಕೂತವರೇ ಪೊಟ್ಟಣ ಒಡೆದು ಒಂದು ಮುಷ್ಟಿ ಒಣಹಿಟ್ಟು ಬಾಯಿಗೆ ಹಾಕಿಕೊಂಡರು.

"ಇದು ಮೈಸೂರಿಗಾ ಅತ್ತೆ? ಟಿಕೆಟ್ ಏನ್ ಮಾಡ್ಲಿ?"

ಹಿಟ್ಟು ಅತ್ತೆಯ ಅಂಗುಳಿಗೆ ಅಂಟಿ ಬಾಯಿ ಕಟ್ಟಿಹೋಗಿತ್ತು. ಕಣ್ಣಲ್ಲಿ ನೀರು ಬೇರೆ. ಅಳುತ್ತಿದ್ದಾರೋ ಉಸಿರು ಕಟ್ಟಿದೆಯೋ ತಿಳಿಯದೆ ಗಾಬರಿಯಿಂದ ನೀರಿನ ಬಾಟಲಿ ಕೊಟ್ಟೆ. ಗಟಗಟ ಕುಡಿದರು. ಬಾಯಿ ಒರೆಸಿಕೊಂಡರು.

"ಮೈಸೂರಲ್ಲಿ ರಾಗಿಗೇನು ಬರವೇನೋ? ದಾರೀಲಿ ನಿಲ್ಸು, ಮೊಸರಿನ ದೊಡ್ಡ ಡಬ್ಬಿ ತಗೊಂಡ್ ಹೋಗೋಣ."