ಅತ್ತೆಯೂ ಸೆಕೆಂಡ್‌ಹ್ಯಾಂಡ್ ಫೋನೂ

ನನ್ನ ಅತ್ತೆಯ ಎಡಹುಬ್ಬು ನಡುವೆ ಕಡಿದು ಎರಡು ತುಂಡಾಗಿತ್ತು. ಚಿಕ್ಕವರಿದ್ದಾಗ ಬಾವಿಕಟ್ಟೆಯ ಮೇಲೆ ಬಿದ್ದು ಆದ ಗಾಯವಂತೆ. ಬಿದ್ದದ್ದು ತನ್ನ ತಪ್ಪಲ್ಲ, ಕಟ್ಟೆಯೇ ಜಾರುತ್ತಿತ್ತು ಎಂದು ಎಪ್ಪತ್ತರ ವಯಸ್ಸಿನಲ್ಲೂ ವಾದಿಸುತ್ತಿದ್ದರು. ಸಿಟ್ಟು ಬಂದರೆ ಆ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು. ಡೊಂಬಿವಲಿಯ ಆ ಎರಡು ಕೋಣೆಯ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಅವರ ಮಾತು ಕೇಳಿದ್ದಕ್ಕಿಂತ ಆ ಹುಬ್ಬನ್ನು ನೋಡಿಕೊಂಡೇ ಸಂಸಾರ ಮಾಡಿದ್ದು ಹೆಚ್ಚು.

ತಪ್ಪು ಒಪ್ಪಿಕೊಳ್ಳುವುದೆಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, "ಇವತ್ತು ನಳದ ನೀರೇ ಉಪ್ಪುಪ್ಪು ಉಂಟು" ಎನ್ನುವರು. ಒಮ್ಮೆ ಕಲ್ಯಾಣದಲ್ಲಿರುವ ದೊಡ್ಡ ಮಗನ ಮನೆಯಿಂದ ಲೋಕಲ್‌ನಲ್ಲಿ ಬರುವಾಗ ಒಂದು ಸ್ಟೇಷನ್ ಮೊದಲೇ, ಠಾಕುರ್ಲಿಯಲ್ಲಿ ಇಳಿದುಬಿಟ್ಟಿದ್ದರು. ಹುಡುಕಿಕೊಂಡು ಹೋದ ನನ್ನ ಗಂಡನಿಗೇ ಬೈಗುಳ. "ಡೊಂಬಿವಲಿ ಬರುವ ಮೊದಲೇ ಗಾಡಿ ನಿಲ್ಲಿಸಿದರೆ ನಾನೆಂತ ಮಾಡುವುದು?"

ಮನೆಗೆ ಬಂದ ಯಾವ ಸಾಮಾನೂ ದೇವರ ಮುಂದೆ ಹೋಗದೆ ಬಳಕೆಗೆ ಬರುವಂತಿರಲಿಲ್ಲ. ಮಿಕ್ಸರ್, ಕುಕ್ಕರ್, ನನ್ನವರ ರೈಲ್ವೆ ಪಾಸು, ಎಲ್ಲಕ್ಕೂ ಕುಂಕುಮ. ಮೇಲಿಂದ ತುಳಸಿ ಎಲೆಯಲ್ಲಿ ತೀರ್ಥ. ಒದ್ದೆಯಾದ ಪಾಸನ್ನು ಇವರು ಫ್ಯಾನಿನಡಿ ಒಣಗಿಸಿಕೊಂಡು, ಅಕ್ಷರ ಅಳಿಸಿಲ್ಲವಲ್ಲ ಎಂದು ನಾಲ್ಕು ಸಲ ನೋಡಿ ಕೆಲಸಕ್ಕೆ ಹೋಗುತ್ತಿದ್ದರು.

ಟಚ್‌ಸ್ಕ್ರೀನ್ ಫೋನುಗಳು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಹೊಸದು ನಮಗೆ ಎಟುಕುತ್ತಿರಲಿಲ್ಲ. ಸ್ಟೇಷನ್ನಿನ ಪೂರ್ವಕ್ಕೆ, ಒಂದು ಸ್ಟೇಷನರಿ ಅಂಗಡಿಯ ಮೂಲೆಯಲ್ಲಿ ಗಾಜಿನ ಕೌಂಟರ್ ಬಾಡಿಗೆಗೆ ಹಿಡಿದು ಕಲಬುರಗಿ ಕಡೆಯವನೊಬ್ಬ ಹಳೇ ಫೋನು ಮಾರುತ್ತಿದ್ದ. ಕನ್ನಡದವನು ಎನ್ನುವುದೇ ನಮಗೆ ದೊಡ್ಡ ಗ್ಯಾರಂಟಿ. ಬಿಲ್ಲು, ಡಬ್ಬ ಎಲ್ಲ ಇದ್ದ, ಕಂಪನಿಯ ವಾರಂಟಿ ಇನ್ನೂ ಮುಗಿಯದ ಫೋನೊಂದನ್ನು ಕೊಟ್ಟ. ಮದುವೆಯಾಗಿ ಹೆಂಡತಿಯನ್ನು ಹೊಸದಾಗಿ ಅಂಬರನಾಥಕ್ಕೆ ಕರೆತಂದಿದ್ದೇನೆ, ಈ ಕೌಂಟರೇ ಈಗ ಎಲ್ಲ ಎಂದು ಫೋನು ಒರೆಸುತ್ತಾ ಹೇಳಿದ್ದ.

ಮನೆಗೆ ತಂದ ಕೂಡಲೇ ಅತ್ತೆ ಕೈಚಾಚಿದರು. "ಕೊಡು ಇಲ್ಲಿ. ಹೊಸದಾದರೆ ಕುಂಕುಮ ಸಾಕು. ಇದು ಯಾರ್ಯಾರ ಮನೆಯಲ್ಲಿ ಇದ್ದದ್ದೋ, ಎಂತೆಂತ ಸುದ್ದಿ ಕೇಳಿದ್ದೋ. ಇದಕ್ಕೆ ಸರಿಯಾಗಿ ಶುದ್ಧ ಆಗ್ಬೇಕು."

"ಬೇಡ ಅತ್ತೆ, ನೀರು ತಾಗಿದರೆ ಕೆಡ್ತದೆ" ಎಂದು ನಾನು ಅದನ್ನು ಕಪಾಟಿನೊಳಗಿಟ್ಟೆ. ಹುಬ್ಬು ಏರಿತು, ಇಳಿಯಿತು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಕೆಲವೇ ದಿನಗಳಲ್ಲಿ ಫೋನು ಹಟ ಹಿಡಿಯಿತು. ಒಂದು ಒತ್ತಿದರೆ ಇನ್ನೊಂದು ತೆರೆಯುವುದು, ಆಮೇಲೆ ಪೂರ್ತಿ ಕಪ್ಪು. ವಾರಂಟಿ ಉಂಟಲ್ಲ ಎಂಬ ಧೈರ್ಯದಿಂದ ನಾನೂ ಇವರೂ ಥಾಣೆಯ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿದ್ದವಳು ಬ್ಯಾಟರಿ ತೆಗೆದು, ಅದರಡಿ ಅಂಟಿಸಿದ್ದ ಪುಟ್ಟ ಚುಕ್ಕಿಯನ್ನು ಉಗುರಿನಿಂದ ತೋರಿಸಿದಳು. ಅದು ಬಿಳಿಯಿರಬೇಕು, ನೀರು ತಾಗಿದರೆ ಕೆಂಪಾಗುತ್ತದೆ. ನಮ್ಮದು ದಾಳಿಂಬೆ ಬೀಜದಷ್ಟು ಕೆಂಪು. "ಪಾನಿ ಗಯಾ ಹೈ. ವಾರಂಟಿ ನಹೀ ಮಿಲೇಗಾ" ಎಂದು ಫೋನನ್ನು ಹಿಂದೆ ತಳ್ಳಿದಳು. ವಾದಿಸಿದೆವು, ಮೇಲಿನವರನ್ನು ಕರೆಸಿದೆವು, ಅವರೂ ಅದೇ ಕೆಂಪು ಚುಕ್ಕಿಯನ್ನು ತೋರಿಸಿ ಕೈತೊಳೆದುಕೊಂಡರು.

ನನ್ನ ಮೈ ಉರಿಯುತ್ತಿತ್ತು. ಮಾರಿದವನು ನೀರಿಗೆ ಬಿದ್ದ ಫೋನನ್ನು ಒರೆಸಿ ನಮ್ಮ ತಲೆಗೆ ಕಟ್ಟಿದ್ದಾನೆ ಎನ್ನುವುದರಲ್ಲಿ ನಮಗಿಬ್ಬರಿಗೂ ಅನುಮಾನವೇ ಉಳಿಯಲಿಲ್ಲ. ಮನೆಗೆ ಬಂದು ಹೇಳಿದಾಗ ಭಾವ, ಎಂದರೆ ನನ್ನವರ ಅಣ್ಣ, ಅಲ್ಲೇ ಇದ್ದರು. ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದವರು. ಅವರ ಸಿಟ್ಟಿಗೆ ಹಾಲಿಗಿಂತ ಬೇಗ ಉಕ್ಕುವ ಗುಣ. "ನಾಳೆ ಭಾನುವಾರ. ನಾನು ನೋಡಿಕೊಳ್ತೇನೆ ಅವನನ್ನು" ಎಂದರು.

ಅತ್ತೆ ಬಟಾಣಿ ಸುಲಿಯುತ್ತಿದ್ದರು. "ಬೇರೆ ಎಲ್ಲಿಯಾದರೂ ತೋರಿಸಿ ನೋಡಿ. ಅವನ ಹತ್ತಿರ ಹೋಗಿ ಗಲಾಟೆ ಎಂತಕ್ಕೆ?" ಎಂದರು ಮೆಲ್ಲಗೆ.

"ಅಮ್ಮ, ನಿನಗೆ ಇದೆಲ್ಲ ಗೊತ್ತಾಗುದಿಲ್ಲ" ಎಂದರು ಭಾವ.

ಅತ್ತೆ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕುತ್ತಿದ್ದುದನ್ನು ಕಂಡು ನಾನೇ ಎಲ್ಲವನ್ನೂ ತೆಗೆದುಕೊಂಡೆ. ಮರುದಿನ ಸಂಜೆ ಹೊರಟಾಗ, "ನಾನೂ ಬರ್ತೇನೆ" ಎಂದು ಚಪ್ಪಲಿ ಮೆಟ್ಟಿ ನಿಂತರು. ಬೇಡವೆಂದರೆ ಕೇಳುವವರಲ್ಲ.

ಭಾನುವಾರದ ಸಂಜೆ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಾವ ಕೌಂಟರಿನ ಮೇಲೆ ಫೋನನ್ನು ಬಡಿದಿಟ್ಟರು. "ನಮ್ಮ ಕನ್ನಡದವ ಅಂತ ನಂಬಿ ಬಂದರೆ, ನೀರಿಗೆ ಬಿದ್ದದ್ದು ಕೊಡ್ತೀಯಾ?"

ಅವನು ಚುಕ್ಕಿ ನೋಡಿದ. ಮುಖ ಬಿಳುಚಿತು. "ಅಣ್ಣಾರ, ದೇವರಾಣಿ ಸುಳ್ಳ ಹೇಳಂಗಿಲ್ರಿ. ಕೊಡೂ ಮುಂದ ಮುಚ್ಚಳಾ ತೆಗದು ಇವರಿಗೆ ತೋರ್ಸೀನ್ರಿ. ಬೆಳ್ಳಗ ಇತ್ತು" ಎಂದು ನನ್ನವರ ಕಡೆ ನೋಡಿದ.

ಇವರು ತೊದಲಿದರು. ಏನೋ ತೋರಿಸಿದ್ದು ನಿಜ, ತಾನು ಸರಿಯಾಗಿ ನೋಡಿರಲಿಲ್ಲ ಎಂದರು. ಭಾವ ಅಷ್ಟರಲ್ಲೇ ಅವನ ಕಾಲರ್ ಹಿಡಿದಾಗಿತ್ತು. ಜನ ಸುತ್ತುವರಿದರು. ಯಾರೋ ಹಿಂದಿನಿಂದ "ಚೋರ್ ಹೈ, ಮಾರೋ" ಎಂದ. ಅಂಗಡಿಯ ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದು, ನಾಳೆಯೇ ಕೌಂಟರ್ ಖಾಲಿ ಮಾಡು, ನನ್ನ ಅಂಗಡಿಯ ಹೆಸರು ಕೆಡಿಸಬೇಡ ಎಂದು ಮರಾಠಿಯಲ್ಲಿ ಕೂಗಿದರು. ಅವನು ಕೈ ಮುಗಿದುಕೊಂಡೇ ನಿಂತಿದ್ದ. ನನಗೆ ಹೆದರಿಕೆಯಾಯಿತು. ಒಂದು ಏಟು ಬಿದ್ದರೆ ಉಳಿದವರೂ ಕೈ ಹಾಕುತ್ತಾರೆಂದು ಕಾಣುತ್ತಿತ್ತು.

"ಬಿಡು ಅವನನ್ನು. ನೀರು ಹಾಕಿದ್ದು ನಾನು."

ಅತ್ತೆಯ ಧ್ವನಿ ದೊಡ್ಡದಿರಲಿಲ್ಲ. ಭಾವನ ಕೈ ಮಾತ್ರ ಸಡಿಲವಾಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕನ್ನಡದಲ್ಲಿ ಹೇಳಿದ್ದು ಅರ್ಥವಾಗಿದ್ದು ನಮಗೂ ಆ ಕೌಂಟರಿನವನಿಗೂ ಮಾತ್ರ. ಮಾನ ಮನೆಯೊಳಗೇ ಉಳಿಯುತ್ತಿತ್ತು. ಆದರೆ ಅತ್ತೆ ಜನರನ್ನು ಸರಿಸಿಕೊಂಡು ಮಾಲೀಕರ ಎದುರು ಹೋಗಿ ನಿಂತರು. ಮೂವತ್ತು ವರ್ಷ ಮುಂಬಯಿ ಕಡೆ ಇದ್ದೂ ಹಿಂದಿ ಆಡಲು ನಾಚುತ್ತಿದ್ದವರು.

"ಸೇಟ್‌ಜೀ, ಇಸ್ಕಾ ಗಲ್ತಿ ನಹೀ. ಪಾನಿ ಹಮ್ ಡಾಲಾ. ಪೂಜಾ ಮೇ ಡಾಲಾ. ಘರ್ ಮೇ ಕಿಸೀಕೋ ಬೋಲಾ ನಹೀ."

ಇವನ ತಪ್ಪಿಲ್ಲ, ಮನೆಯಲ್ಲಿ ಯಾರಿಗೂ ಹೇಳದೆ ನಾನೇ ಹಾಕಿದ್ದು ಎಂದರು. ನಾನು ಸ್ನಾನಕ್ಕೆ ಹೋದಾಗ ಕಪಾಟಿನಿಂದ ತೆಗೆದಿದ್ದರಂತೆ. ಒಳಗೂ ಶುದ್ಧವಾಗಲೆಂದು, ಇವರು ಸಿಮ್ ಹಾಕುವಾಗ ನೋಡಿ ಕಲಿತಂತೆ ಹಿಂದಿನ ಮುಚ್ಚಳ ಬಿಚ್ಚಿ, ಪೂಜೆಯ ಚಮಚದಿಂದ ತೀರ್ಥ ಬಿಟ್ಟು, ಸೆರಗಿನಲ್ಲಿ ಒರೆಸಿ ಇಟ್ಟಿದ್ದರಂತೆ. ಇದನ್ನೆಲ್ಲ ಕೈಸನ್ನೆ ಮಾಡಿ ತೋರಿಸಿದರು. ಜನರಲ್ಲಿ ಕೆಲವರು ನಕ್ಕರು. ಅತ್ತೆಯ ಮುಖ ಕೆಂಪಾಗಿತ್ತು, ಆದರೂ ಕದಲಲಿಲ್ಲ. ಕೌಂಟರಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲು ಎಳೆದು ಕೂತು, ಖಾಲಿ ಮಾಡು ಎಂದ ಮಾತನ್ನು ನೀವು ಹಿಂದೆ ತೆಗೆದುಕೊಂಡ ಮೇಲೆಯೇ ಏಳುವುದು ಎಂದುಬಿಟ್ಟರು. ಮಾಲೀಕರು ಮೊದಲು ಗೊಣಗಿದರು, ಗಿರಾಕಿಗಳ ದಾರಿಗೆ ಅಡ್ಡವಾಗುತ್ತದೆ ಎಂದರು, ಕೊನೆಗೆ "ರಾಹೂ ದೇ, ಆಜೀ" ಎಂದು, ಇರಲಿ ಬಿಡಿ ಅಜ್ಜಿ ಎಂಬಂತೆ ಕೈಮುಗಿದು ಗಲ್ಲಾಕ್ಕೆ ವಾಪಸಾದರು. ಕೌಂಟರಿನವನು ಕಾಲರ್ ಸರಿಮಾಡಿಕೊಂಡು ಅತ್ತೆಗೆ ಒಂದು ಲೋಟ ನೀರು ಕೊಟ್ಟ.

ಹಿಂದಿರುಗುವಾಗ ಭಾವ ಕೆಂಡವಾಗಿದ್ದರು. "ಮನೆಯಲ್ಲೇ ಹೇಳಬಾರದಿತ್ತಾ ಅಮ್ಮ? ಎಲ್ಲರ ಎದುರು ನಮ್ಮ ಮರ್ಯಾದೆ ಹೋಯ್ತು."

"ನಿನ್ನೆ ಮನೆಯಲ್ಲೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ" ಎಂದರು ಅತ್ತೆ. "ಆದ್ರೆ ನೀನು ಅವನನ್ನು ಹಿಡಿದದ್ದು ಎಲ್ಲರ ಎದುರು. ಆಮೇಲೆ ಮನೆಯಲ್ಲಿ ಹೇಳಿದರೆ ಯಾರಿಗೆ ಕೇಳ್ತದೆ?"

ಇದರಿಂದ ಅವರು ಬದಲಾದರೆಂದು ಯಾರೂ ತಿಳಿಯಬೇಡಿ. ಮರುವಾರ ನನ್ನನ್ನೇ ಎಳೆದುಕೊಂಡು ಥಾಣೆಯ ಸರ್ವಿಸ್ ಸೆಂಟರಿಗೆ ಹೋಗಿ, ವಾರಂಟಿಯಲ್ಲಿ ನೀರು ಎಂದು ಬರೆದಿದೆಯೇ ಹೊರತು ತೀರ್ಥ ಎಂದು ಎಲ್ಲಿ ಬರೆದಿದೆ ತೋರಿಸಿ ಎಂದು ಜಗಳ ತೆಗೆದರು. ತೀರ್ಥಕ್ಕೆ ಕೆಡುವ ಸಾಮಾನು ಎಂತ ಸಾಮಾನು ಎಂಬುದು ಅವರ ವಾದ. ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳುವಷ್ಟರಲ್ಲಿ ಬೆವತುಹೋದೆ. ಅಲ್ಲಿ ಫೋನು ರಿಪೇರಿಯಾಗಲಿಲ್ಲ. ಕೊನೆಗೆ ಆ ಕೌಂಟರಿನವನೇ ಏನೋ ಮಾಡಿ ಜೀವ ಬರಿಸಿಕೊಟ್ಟ. ನಾವು ಹೇಳಿದ್ದು ಆ ಕಡೆಯವರಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅತ್ತೆ ಅದರಲ್ಲೇ ಊರಿನ ತಂಗಿಯೊಡನೆ ಕಿರುಚಿ ಮಾತಾಡುತ್ತಿದ್ದರು. ಭಾವ ಮಾತ್ರ ಆ ರಸ್ತೆಗೆ ಕಾಲಿಡುವುದನ್ನೇ ಬಿಟ್ಟರು.

ಕೆಲವು ವರ್ಷಗಳ ನಂತರ ಅತ್ತೆ ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಂದ ನಾನು ಪತ್ರೊಡೆ ಕಲಿತೆ, ಜಗಳ ಕಲಿತೆ. ಆಫೀಸಿನಲ್ಲಿ ನನ್ನಿಂದ ಎಡವಟ್ಟಾಗಿ ಇನ್ನೊಬ್ಬರು ಬೈಸಿಕೊಳ್ಳುತ್ತಿರುವಾಗ, ಎದ್ದು ನಿಂತು ಹೇಳಿಬಿಡುವುದನ್ನೂ ಅವರಿಂದಲೇ ಕಲಿತದ್ದು.

ಅತ್ತೆಯ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆ ಕರೆಯಬೇಕಾದವರ ಮಾತು ಬಂದಾಗ, ಆ ಫೋನಿನ ಕೌಂಟರಿನವನಿಗೆ ತಾನೇ ಹೇಳುತ್ತೇನೆ ಎಂದರು ಭಾವ. ಫೋನು ಮಾಡಿದರೆ ಸಾಕಲ್ಲ ಎಂದು ಇವರು ಹೇಳಿದರೂ ಕೇಳದೆ, ಅಂಗಡಿಯಲ್ಲಿ ಜನ ತುಂಬಿರುವ ಸಂಜೆಯ ಹೊತ್ತನ್ನೇ ನೋಡಿ ಹೊರಟರು. ಜೊತೆಗೆ ನಾನೂ ಹೋದೆ. ಗಿರಾಕಿಗಳ ನಡುವೆ ನಿಂತು ಭಾವ ಗಟ್ಟಿಯಾಗಿ ಹಿಂದಿಯಲ್ಲೇ ಹೇಳಿದರು: ಆವತ್ತು ಇವನ ಕಾಲರ್ ಹಿಡಿದವ ನಾನು, ಇವನು ಯಾವ ಮೋಸವನ್ನೂ ಮಾಡಿರಲಿಲ್ಲ.

ಅವನು ಗಾಬರಿಯಿಂದ ಕೌಂಟರ್ ದಾಟಿ ಹೊರಗೆ ಬಂದು ಭಾವನ ಕೈ ಹಿಡಿದುಕೊಂಡ. "ಅಣ್ಣಾರ, ಬಿಡ್ರಿ. ಅಮ್ಮಾರು ಆವತ್ತೇ ಎಲ್ಲಾರ ಮುಂದ ಹೇಳ್ಯಾರಲ್ರಿ."

"ಅಮ್ಮ ಹೇಳಿದ್ದು ಅವರ ತಪ್ಪನ್ನು" ಎಂದರು ಭಾವ. "ನನ್ನದು ನಾನು ಹೇಳಿರಲಿಲ್ಲ."