ಬೂಟಿನೊಳಗಿನ ಬೆರಳುಗಳು

ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಮನೆಯಲ್ಲಿ ಒಂದು ಪದವಿ ಇತ್ತು: ತಂಗಿಯ ಲೆಕ್ಕದ ಟೀಚರು. ಅದನ್ನು ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ. ಕುಷ್ಟಗಿಯಲ್ಲಿ ಅವ್ವ ಮತ್ತು ನಾನು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ತಂಗಿ ಆಗ ಐದನೆಯ ತರಗತಿ. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದರೆ ಅವಳ ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ಹತ್ತನೆಯವರೆಗೆ ಅವಳನ್ನು ಯಾರೂ ರೊಟ್ಟಿ ಬಡಿಯಲು ಕರೆಯುವಂತಿಲ್ಲ. ಅವಳು ನನ್ನಂತೆ ಹಂಚಿನ ಮುಂದೆ ಕೂರಬಾರದು ಎಂಬುದು ನನ್ನ ಹಟ.

ಹಟವೇನೋ ಒಳ್ಳೆಯದಿತ್ತು, ಪಾಠ ಮಾತ್ರ ಕೆಟ್ಟದ್ದು. ಬೆರಳು ಎಣಿಸುವವರು ದಡ್ಡರು ಎಂದು ಚಿಕ್ಕಂದಿನಲ್ಲಿ ಯಾರೋ ನನಗೆ ಹೇಳಿದ್ದರು. ಶಾಲೆಯಿಂದ ನಾನು ಹೊತ್ತು ತಂದ ವಿದ್ಯೆ ಅದೊಂದೇ. ಸಂಜೆ ಹಿಟ್ಟು ನಾದುತ್ತಾ ಅವಳನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ.

“ಎಂಟಕ್ಕ ಏಳು ಕೂಡಿಸಿದ್ರ?”

ಅವಳ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ಸರಿಯತೊಡಗಿದರೆ ಸಾಕು, “ಕೈ! ಕೈ ತೊಡಿ ಮ್ಯಾಲಿಡು! ದಡ್ಡರಂಗ ಬೆಳ್ಳ ಎಣಿಸ್ತಿಯೇನ?” ಎಂದು ಗದರುತ್ತಿದ್ದೆ.

ನಾನು? ಗಿರಾಕಿಗಳಿಗೆ ರೊಟ್ಟಿ ಕೊಡುವಾಗ ಎಡಗೈಯನ್ನು ಸೆರಗಿನೊಳಗೆ ತೂರಿಸಿ, ಗೆರೆ ಗೆರೆ ಎಣಿಸುತ್ತಿದ್ದೆ. “ಬಾಯಿಲೇ ಲೆಕ್ಕಾ ಹಾಕ್ತಾಳ್ರಿ, ಭಾಳ ಹುಷಾರ್ ಹುಡುಗಿ” ಎಂದು ಖಾನಾವಳಿಯವರು ಹೊಗಳಿದರೆ ಹಂಚಿನ ಮೇಲಿನ ರೊಟ್ಟಿಗಿಂತ ಹೆಚ್ಚು ಉಬ್ಬುತ್ತಿದ್ದೆ.

ಕೆಲವು ದಿನಗಳಲ್ಲಿ ತಂಗಿಯ ಕೈ ತೊಡೆ ಬಿಟ್ಟು ಏಳುವುದು ನಿಂತಿತು. ಉತ್ತರ ತುಸು ತಡವಾಗಿ, ಆದರೆ ಸರಿಯಾಗಿಯೇ ಬರುತ್ತಿತ್ತು. ನನ್ನ ಪಾಠದ ಮಹಿಮೆಯನ್ನು ಓಣಿಗೆಲ್ಲ ಸಾರಿದೆ. ಅವ್ವನಿಗೆ ಮಾತ್ರ ಏನೋ ಅನುಮಾನ.

“ಲೆಕ್ಕಾ ಕೇಳಿದಾಗೆಲ್ಲಾ ಇಕಿ ಲಂಗದ ಅಂಚು ಯಾಕ ಅಳ್ಳಾಡ್ತೈತಿ?”

“ಗಾಳಿಗೆ ಬೇ ಯವ್ವಾ” ಎಂದೆ, ಟೀಚರ ಗತ್ತಿನಲ್ಲಿ.

ಪರೀಕ್ಷೆ ಹತ್ತಿರ ಬಂತು. ತಂಗಿಗೆ ಶಾಲೆಯಲ್ಲಿ ಕೊಟ್ಟ ಬೂಟು ಎಂದೋ ಹರಿದಿತ್ತು. ಚಪ್ಪಲಿ ಹಾಕಿಕೊಂಡು ಹೋಗಿ ಅದನ್ನೂ ಬಾಗಿಲಲ್ಲಿ ಬಿಡುತ್ತಿದ್ದಳು. ಪರೀಕ್ಷೆಗೆ ಬರಿಗಾಲಲ್ಲಿ ಕೂತರೆ ನನ್ನ ಮಾನ ಏನಾಗಬೇಕು? ಗಂಗಾವತಿಗೆ ಹೋದವಳು ಕರಿ ಬೂಟು, ಬಿಳಿ ಕಾಲುಚೀಲ ತಂದೆ. ಸ್ವಲ್ಪ ಬಿಗಿಯಿದ್ದವು. ಬಿಗಿಯಿದ್ದರೆ ಶಿಸ್ತು ಬರುತ್ತದೆ ಎಂದುಕೊಂಡೆ. ಪರೀಕ್ಷೆಯ ದಿನ ಲೇಸು ನಾನೇ ಕಟ್ಟಿ, “ಹೊರಗ ಬರೂಮಟ ಬಿಚ್ಚಬ್ಯಾಡ” ಎಂದು ತಾಕೀತು ಮಾಡಿ ಒಳಗೆ ಕಳಿಸಿದೆ.

ಹೊರಗೆ ಬಂದಾಗ ಅವಳ ಮುಖ ಬಾಡಿತ್ತು. ಬೇವಿನ ಗಿಡದ ಕೆಳಗೆ ಕೂತು ಮೊದಲು ಬೂಟು ಕಿತ್ತೆಸೆದಳು.

“ಅಕ್ಕಾ, ಇದ್ರಾಗ ಬೆಳ್ಳ ಆಡಲೇ ಇಲ್ಲ.”

“ಎಂಥಾ ಬೆಳ್ಳ?”

“ಕಾಲಿನ್ವು. ಅವನ್ನ ಆಡಿಸೇ ಎಣಿಸ್ತಿದ್ದೆ. ಅರ್ಧ ಲೆಕ್ಕಾ ಹಂಗ ಉಳದ್ವು.”

“ಕೈಲೆ ಎಣಿಸಬೇಕಿತ್ತಲ್ಲ, ಹುಚ್ಚಿ?”

“ಕೈಲೆ ದಡ್ಡರು ಎಣಿಸ್ತಾರ ಅಂದಿದ್ದಿ.”

ಆ ಬಿಳಿ ಕಾಲುಚೀಲದ ಮೇಲೆ ಬೆವರಿನ ಕಲೆಗಳಿದ್ದವು. ಎಷ್ಟು ಒದ್ದಾಡಿದ್ದವೋ ಪಾಪ, ಆ ಬೆರಳುಗಳು. ಲಂಗದ ಅಂಚಿಗೆ ಬೀಸಿದ ಗಾಳಿ ಎಲ್ಲಿಯದೆಂದು ಆಗ ತಿಳಿಯಿತು.

ಆಯ್ಕೆಯಾದವರಲ್ಲಿ ಅವಳಿರಲಿಲ್ಲ. “ಪ್ರಶ್ನಿ ಭಾಳ ಬಿರುಸು ಇದ್ವಂತ ಬೇ” ಎಂದು ಅವ್ವನಿಗೆ ಹೇಳಿದವಳು ನಾನೇ. ತಂಗಿ ನನ್ನನ್ನು ನೋಡಿದಳು.

ಈಗ ಅವಳು ಊರಿನ ಶಾಲೆಯಲ್ಲೇ ಆರನೆಯ ತರಗತಿ. ಸಂಜೆ ನಮ್ಮ ಜೊತೆ ಹಂಚಿನ ಮುಂದೆ ಕೂರುತ್ತಾಳೆ. ಮೊನ್ನೆ ಖಾನಾವಳಿಯವರು ಬಂದು ನಿಂತಾಗ ನನ್ನ ಎಡಗೈ ಎಂದಿನಂತೆ ಸೆರಗಿನೊಳಗೆ ಹೋಯಿತು. ರೊಟ್ಟಿ ಬಡಿಯುತ್ತಿದ್ದ ತಂಗಿ ತಲೆ ಎತ್ತದೆ ಹೇಳಿದಳು:

“ಅಕ್ಕಾ, ಕೈ ಹೊರಗ ತಗಿ. ನಾ ಏನ್ ಬೈಯಂಗಿಲ್ಲ.”

ಖಾನಾವಳಿಯವರು ನಕ್ಕರು. ಕೈ ಹೊರಗೆ ತೆಗೆಯುವಷ್ಟರಲ್ಲಿ ಎಣಿಕೆ ತಪ್ಪಿತ್ತು. ಅವರ ಎದುರಿಗೇ ಮತ್ತೆ ಮೊದಲಿನಿಂದ ಗೆರೆ ಗೆರೆ ಎಣಿಸಿದೆ. ತಂಗಿಯೂ ಹಿಟ್ಟು ಮೆತ್ತಿದ ಕೈ ಎತ್ತಿಕೊಂಡು ಎಣಿಸಿದಳು. ನನಗಿಂತ ಮೊದಲೇ ಮುಗಿಸಿದಳು.