ದೂರಿನ ಪೆಟ್ಟಿಗೆಯ ಚಾವಿ

ಕರಗಿದ ಮೇಣದ ವಾಸನೆ ಬಂದರೆ ನನಗೆ ಮೊದಲು ನೆನಪಾಗುವವರು ಫಾದರ್ ಅಂತೋನ್. ದೇವರು ಆಮೇಲೆ, ಅವನೇನೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಯಲ್ಲಾಪುರದ ಕಡೆಯ ನಮ್ಮ ಸಣ್ಣ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ, ಮೊಂಬತ್ತಿ ಸ್ಟ್ಯಾಂಡಿಗೆ ಅಂಟಿದ ಮೇಣವನ್ನು ಅವರು ಹಳೇ ಚಾಕುವಿನಿಂದ ತಾವೇ ಕೆರೆಯುತ್ತಿದ್ದರು. ಏನಾದರೂ ಹೇಳಿಕೊಳ್ಳುವುದಿದ್ದರೆ ಆಗಲೇ ಹೋಗಬೇಕು.

ನಾನಾಗ ಕಾಲೇಜು ಹುಡುಗಿ. ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತಿದ್ದೆ. ಡೈರಿ ಬರೆಯುವ ಚಟ ಬೇರೆ: ಯಾರು ಬಂದರು, ಯಾರು ತಪ್ಪಿಸಿದರು, ಯಾರಿಗೆ ಶೀತ, ಎಲ್ಲಕ್ಕೂ ತಾರೀಖು. "ಸ್ವರ್ಗದ ಬಾಗಿಲಲ್ಲಿ ಹಾಜರಿ ಕೂಗೋಕೆ ಜನ ಬೇಕಂತೆ, ಅರ್ಜಿ ಹಾಕು" ಎಂದು ಅಣ್ಣ ರೇಗಿಸುತ್ತಿದ್ದ.

ಹೊರದೇಶದ ಚರ್ಚುಗಳಲ್ಲಿ ಮಕ್ಕಳಿಗಾದ ಅನ್ಯಾಯ ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ನಮ್ಮ ಮೇಲಿನವರೂ ಮಕ್ಕಳ ರಕ್ಷಣೆಗೆಂದು ಒಂದು ಕಾರ್ಯಕ್ರಮ ಹಾಕಿಕೊಂಡರು. ಒಂದು ಭಾನುವಾರ ಹಿರಿಯ ಗುರುಗಳೊಬ್ಬರು ಜೀಪಿನಲ್ಲಿ ಬಂದು, ಮಕ್ಕಳಿಗೆ ಎಚ್ಚರಿಕೆಯ ಹಾಡು ಕಲಿಸಿ, ಪೆಪ್ಪರಮಿಂಟು ಹಂಚಿ, ಗೋಡೆಗೆ ದೂರಿನ ಪೆಟ್ಟಿಗೆ ಹೊಡೆಸಿದರು. ಅದರ ಚಾವಿಯನ್ನು ಎಲ್ಲರೆದುರು ಫಾದರ್ ಕೈಗೆ ಕೊಟ್ಟರು. ಚಪ್ಪಾಳೆ.

ಫಾದರ್ ಚಾವಿ ಎತ್ತಿ ಹಿಡಿದರು. "ಮಗುವಿಗೆ ನನ್ನಿಂದಲೇ ತೊಂದರೆಯಾದರೆ? ಚೀಟಿ ಹಾಕುತ್ತದೆ. ತೆರೆಯುವವನೂ ನಾನೇ, ಓದುವವನೂ ನಾನೇ. ಇದು ಯಾರ ರಕ್ಷಣೆ ಫಾದರ್? ಮಕ್ಕಳಿಗೆ ಹಾಡು ಕಲಿಸಿದಿರಿ, ನಮಗೆ ಏನು ಕಲಿಸಿದಿರಿ?"

ಚಪ್ಪಾಳೆ ಹೊಡೆದ ಕೈಗಳು ಮಡಿಲಿಗಿಳಿದವು. "ಇದನ್ನು ಒಳಗೆ ಕೂತು ಹೇಳಬಹುದಿತ್ತು" ಎಂದರು ಹಿರಿಯರು, ಮೆಲ್ಲಗೆ.

"ಒಳಗೇ ಹೇಳಿದ್ದೆ. ಒಳಗೇ ಉಳಿಯಿತು."

ಮುಂದಿನ ಬೆಂಚಿನಲ್ಲಿ ನಮ್ಮೂರ ಟೇಲರ್ ರೋಜಿ ಬಾಯಿ ಕೂತಿದ್ದರು, ಯಾರಿಗೂ ಹೆದರದ ಹೆಂಗಸು. ಫಾದರ್ ನೇರ ಹೋಗಿ ಚಾವಿಯನ್ನು ಅವರ ಕೈಲಿಟ್ಟರು.

"ನಾಳೆ ನಿಮ್ಮ ಮೇಲೇ ಚೀಟಿ ಬಿದ್ರೆ ಎಂತ ಮಾಡೂದು ಫಾದರ್?"

"ಪೊಲೀಸರಿಗೆ ಕೊಡಿ. ನನಗೆ ತೋರಿಸಬೇಡಿ."

ಆ ಮೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ವರ್ಗ ಎಲ್ಲ ಗುರುಗಳಿಗೂ ಇದ್ದದ್ದೇ, ಆದರೆ ಇವರು ಬಂದು ವರ್ಷವೂ ತುಂಬಿರಲಿಲ್ಲ. ಹೊಸ ಫಾದರ್ ಬಂದವರೇ ಚಾವಿ ಕೇಳಿದರು. ರೋಜಿ ಬಾಯಿ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, "ಚರ್ಚಿನ ಚಾವಿ ನಿಮ್ದು, ಕಪಾಟಿನ ಚಾವಿ ನಿಮ್ದು. ಇದೊಂದು ನಮ್ದಿರ್ಲಿ ಬಿಡಿ" ಎಂದರು. ಹೊಸ ಫಾದರ್ ನಕ್ಕು ಒಳಗೆ ಹೋದರು.

ಈಗ ರೋಜಿ ಬಾಯಿಗೆ ಕಣ್ಣಿನ ಆಪರೇಷನ್ ಆಗಿದೆ. ಗುಣವಾಗುವವರೆಗೆ ಚಾವಿ ನನ್ನ ಹತ್ತಿರ. ಇಷ್ಟು ಶಿಸ್ತಿನವಳಿಗೆ ಸಿಗಬೇಕಾದದ್ದೇ ಎಂದು ಒಳಗೊಳಗೇ ಬೀಗಿದ್ದೆ. ಇವತ್ತು ತೆರೆದರೆ ಒಂದು ಚೀಟಿ, ಪೆನ್ಸಿಲ್ ಅಕ್ಷರ: "ಟೀಚರ್ ಕಿವಿ ಹಿಂಡ್ತಾರೆ. ಎಲ್ಲರೂ ನಗ್ತಾರೆ."

ಭಾನುವಾರದ ಟೀಚರ್ ಎಂದರೆ ಈಗಲೂ ನಾನೊಬ್ಬಳೇ. ನನ್ನ ಕಣ್ಣು ತಾನಾಗಿಯೇ ಆ ಅಕ್ಷರ ಯಾರದೆಂದು ಹುಡುಕತೊಡಗಿತ್ತು. ಸುತ್ತಿ ಬರೆದ 'ಟ' ಒಂದು ಸಾಕಿತ್ತು, ಇನ್ನೇನು ಹೆಸರು ಹೊಳೆಯುತ್ತಿತ್ತು. ಗಕ್ಕನೆ ಚೀಟಿ ಮಡಚಿ ರೋಜಿ ಬಾಯಿಯ ಮನೆಗೆ ನಡೆದೆ.

"ಕಣ್ಣಿಗೆ ಪಟ್ಟಿ ಕಟ್ಟಿದಾರಲ್ಲೇ, ನೀನೇ ಓದು."

"ನನ್ನ ಮೇಲೇ ಬಿದ್ದಿದೆ, ನಾನು ಓದಬಾರದು ಬಾಯಿ. ಚಾವಿಯನ್ನೂ ಬೇರೆಯವರಿಗೆ ಕೊಡಿ."

ಅವರು ಸೊಸೆಯನ್ನು ಕರೆದರು. ಅವಳು ಚೀಟಿ ಬಿಡಿಸುವಾಗ ನಾನು ಎದ್ದು ಹೊರಗಿನ ಕಟ್ಟೆಯ ಮೇಲೆ ಕೂತೆ.